ರಕ್ತ ತೆಗೆಯುವುದೂ ಒಂದು ವಿದ್ಯೆ

ಹತ್ತನೆಯ ಮತ್ತು ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂದೊಡನೆ ನಮ್ಮ ಸಂಘದ ಕಚೇರಿಗೆ ತಂದೆತಾಯಿಗಳ ಓಡಾಟ ಹೆಚ್ಚುತ್ತದೆ. ಮುಂದೆ ಏನು ಓದಿಸಬೇಕು, ಎಷ್ಟು ಖರ್ಚಾದೀತು, ಬೇಗ ಸಂಬಳ ತರುವ ಓದು ಯಾವುದು ಎಂಬುದೇ ಎಲ್ಲರ ಪ್ರಶ್ನೆ. ಈಚಿನ ವರ್ಷಗಳಲ್ಲಿ ಅವರಲ್ಲಿ ಕೆಲವರ ಕೈಯಲ್ಲಿ ಒಂದೇ ಬಗೆಯ ಬಣ್ಣದ ಕಾಗದ ಕಾಣುತ್ತದೆ. ಕೆಲವೇ ತಿಂಗಳಲ್ಲಿ ಫ್ಲೆಬಾಟಮಿಸ್ಟ್ ಆಗಿರಿ, ಆಸ್ಪತ್ರೆಯಲ್ಲಿ ಕೆಲಸ ಹಿಡಿಯಿರಿ ಎಂದು ಅದರಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ.

ಹೆಸರು ಬಾಯಿಗೆ ಒಗ್ಗದು. ಅರ್ಥ ಮಾತ್ರ ಸುಲಭ. ಪರೀಕ್ಷೆಗಾಗಿ ಮನುಷ್ಯನ ರಕ್ತನಾಳದಿಂದ ರಕ್ತ ತೆಗೆಯಲು ಕಲಿತವರೇ ಫ್ಲೆಬಾಟಮಿಸ್ಟರು. ರಕ್ತನಾಳ ಮತ್ತು ಕೊಯ್ಯುವುದು ಎಂಬ ಅರ್ಥದ ಎರಡು ಗ್ರೀಕ್ ಮಾತು ಸೇರಿ ಆದ ಹೆಸರು ಇದು. ಹಿಂದಿನ ಕಾಲದಲ್ಲಿ ರೋಗ ಇಳಿಯಲೆಂದು ನಾಳ ಕೊಯ್ದು ರಕ್ತ ಸುರಿಸುತ್ತಿದ್ದರಂತೆ. ಹೆಸರು ಆ ಕಾಲದ್ದು, ಕೆಲಸ ಈ ಕಾಲದ್ದು.

ಈ ವಿಷಯ ಬಂದಾಗ ನಮ್ಮವರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಸೂಜಿ ಚುಚ್ಚುವುದಕ್ಕೆ ಓದು ಯಾಕೆ? ನಾಲ್ಕು ದಿನ ನೋಡಿದರೆ ಬಂದೀತು" ಎನ್ನುವವರು ಒಂದು ಕಡೆ. "ಕಂಡವರ ರಕ್ತ ಮುಟ್ಟುವ ಕೆಲಸ ನಮ್ಮ ಮಕ್ಕಳಿಗೆ ಬೇಡ" ಎನ್ನುವವರು ಇನ್ನೊಂದು ಕಡೆ. ಇವೆರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ರಕ್ತ ತೆಗೆಯುವುದು ಗೌರವದ ಕೆಲಸ, ಆದರೆ ಪೂರ್ತಿ ಕಲಿತು ಮಾಡಬೇಕಾದ ಕೆಲಸ. ಅರ್ಧ ಕಲಿತವನ ಕೈಯಿಂದ ಆಗುವ ಕೇಡು ರೋಗಿಯ ತೋಳಿನಲ್ಲಿ ಕಾಣುವುದಿಲ್ಲ. ರಿಪೋರ್ಟಿನ ಕಾಗದದಲ್ಲಿ ಸುಳ್ಳಾಗಿ ಕುಳಿತುಕೊಳ್ಳುತ್ತದೆ, ಡಾಕ್ಟರರು ಆ ಸುಳ್ಳನ್ನೇ ನಂಬಿ ಔಷಧ ಬರೆಯುತ್ತಾರೆ.

ಹೋಟೆಲ್ ಕಾರ್ಮಿಕರ ಮಟ್ಟಿಗೆ ಇದು ಎರಡು ರೀತಿಯಲ್ಲಿ ನಮ್ಮ ಮನೆಯ ವಿಷಯ. ನಮ್ಮ ಮಕ್ಕಳು ಈ ಕೆಲಸಕ್ಕೆ ಹೊರಟಿದ್ದಾರೆ ಎಂಬುದು ಒಂದು. ರಕ್ತ ಕೊಡುವ ತೋಳು ನಮ್ಮದೇ ಎಂಬುದು ಇನ್ನೊಂದು. ೨೦೧೧ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಆಹಾರ ಮುಟ್ಟುವ ಪ್ರತಿಯೊಬ್ಬ ಕೆಲಸಗಾರನಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯಿಡ್ ಗುಂಪಿನ ರೋಗಗಳಿಗೆ ಲಸಿಕೆ ಆಗಿರಬೇಕು. ಡಾಕ್ಟರರಿಗೆ ಸಂಶಯ ಬಂದರೆ ರಕ್ತಪರೀಕ್ಷೆಯೂ ಆಗುತ್ತದೆ. ಆದ್ದರಿಂದ ತೋಳು ಕೊಡುವವರೂ ಸೂಜಿ ಹಿಡಿಯುವವರೂ ತಿಳಿದಿರಬೇಕಾದ ನಾಲ್ಕು ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರು, ಆಮೇಲೆ ಸೂಜಿ

ದೊಡ್ಡ ಯಂತ್ರವಿರುವ ಪರೀಕ್ಷಾಲಯವೆಂದರೆ ರಿಪೋರ್ಟು ತಪ್ಪಾಗದು ಎಂದು ಜನ ತಿಳಿದಿದ್ದಾರೆ. ಯಂತ್ರಕ್ಕೆ ಕೊಟ್ಟ ರಕ್ತವನ್ನು ಅದು ಸರಿಯಾಗಿಯೇ ಅಳೆದೀತು. ಆದರೆ ಆ ರಕ್ತ ಯಾರದು, ಹೇಗೆ ತೆಗೆದದ್ದು, ಎಷ್ಟು ಹೊತ್ತು ಇಟ್ಟದ್ದು ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಪರೀಕ್ಷೆಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನ ಪಾಲು ಯಂತ್ರದ ಬಾಗಿಲಿಗೆ ಬರುವ ಮೊದಲೇ ಆಗಿಹೋಗಿರುತ್ತದೆಂದು ಈ ವಿದ್ಯೆ ಬಲ್ಲವರೆಲ್ಲ ಒಪ್ಪುತ್ತಾರೆ. ಹುಳಿಬಂದ ಹಾಲನ್ನು ಎಂಥ ಭಟ್ಟರ ಕೈಗೆ ಕೊಟ್ಟರೂ ಒಳ್ಳೆಯ ಕಾಫಿಯಾದೀತೆ?

ಆದ್ದರಿಂದ ಮೊದಲ ಕೆಲಸ ಹೆಸರು ಕೇಳುವುದು. ಕೇಳುವುದಕ್ಕೂ ಒಂದು ಕ್ರಮವುಂಟು. "ನೀವು ಸುರೇಶನೇ?" ಎಂದು ಕೇಳಬಾರದು. ಗಾಬರಿಯಲ್ಲಿದ್ದವ, ಕಿವಿ ಮಂದವಾದವ, ಭಾಷೆ ತಿಳಿಯದವ ಎಲ್ಲದಕ್ಕೂ ಹೂಂ ಎನ್ನುತ್ತಾನೆ. "ನಿಮ್ಮ ಪೂರ್ತಿ ಹೆಸರೇನು, ಹುಟ್ಟಿದ ತಾರೀಖು ಯಾವುದು?" ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿ, ಕಾಗದದೊಡನೆ ತಾಳೆ ನೋಡಬೇಕು. ಹೆಸರೊಂದೇ ಸಾಲದು, ಎರಡು ಗುರುತಾದರೂ ಬೇಕು. ಒಂದೇ ಹೋಟೆಲಿನಲ್ಲಿ ಮೂವರು ಸುರೇಶರು ಇರುವ ನಮ್ಮವರಿಗೆ ಇದರ ಕಾರಣ ಬೇರೆ ಹೇಳಬೇಕೆ?

ರಕ್ತ ತೆಗೆದ ಮೇಲೆ ಹೆಸರಿನ ಚೀಟಿಯನ್ನು ಅಲ್ಲೇ, ಕೊಟ್ಟವರ ಕಣ್ಣೆದುರೇ, ಟ್ಯೂಬಿಗೆ ಅಂಟಿಸಬೇಕು. ಮೊದಲೇ ಅಂಟಿಸಿಟ್ಟ ಖಾಲಿ ಟ್ಯೂಬೂ ಬೇಡ, ಆಮೇಲೆ ಕಚೇರಿಗೆ ಹೋಗಿ ಬರೆಯುವುದೂ ಬೇಡ.

ನಾವು ಹೋಟೆಲಿನಲ್ಲಿ ಕೆಲಸದಲ್ಲಿದ್ದಾಗ ಒಂದು ಮುಂಜಾನೆ ಒಬ್ಬಾತ ಚೀಲ ಹಿಡಿದು ತಪಾಸಣೆಗೆ ಬಂದ. ಪಾತ್ರೆ ತೊಳೆಯುವ ಮೋರಿಯ ಪಕ್ಕದಲ್ಲಿ ಹದಿನೈದು ಮಂದಿಯನ್ನು ಸಾಲಾಗಿ ನಿಲ್ಲಿಸಿ ರಕ್ತ ತೆಗೆದ. ಟ್ಯೂಬುಗಳನ್ನೆಲ್ಲ ಒಂದು ರಬ್ಬರಿನಲ್ಲಿ ಕಟ್ಟಿ, ಆಮೇಲೆ ಗಲ್ಲೆಯ ಬಳಿ ಕುಳಿತು ಹಾಜರಿ ಪುಸ್ತಕ ನೋಡಿ ಹೆಸರು ಬರೆದ. ಎರಡು ದಿನ ಕಳೆದು ರಿಪೋರ್ಟು ಬಂದಾಗ ಹದಿನೆಂಟು ವರ್ಷದ ಕ್ಲೀನರ್ ಹುಡುಗನಿಗೆ ಸಕ್ಕರೆ ಕಾಯಿಲೆ ಎಂದಿತ್ತು. ವರ್ಷಗಳಿಂದ ಮಾತ್ರೆ ನುಂಗುತ್ತಿದ್ದ ಅಡಿಗೆ ಭಟ್ಟರಿಗೆ ಏನೂ ಇಲ್ಲವೆಂದಿತ್ತು. ಹುಡುಗ ಹೆದರಿ ಊಟ ಬಿಟ್ಟ. ಭಟ್ಟರು ವಾಸಿಯಾಯಿತೆಂದು ಮಾತ್ರೆ ಬಿಟ್ಟರು. ಕೆಲವು ತಿಂಗಳ ಮೇಲೆ ಕಾಲಿನ ಗಾಯ ಮಾಯದೆ ಸರಕಾರಿ ಆಸ್ಪತ್ರೆಗೆ ಹೋದಾಗಲೇ ಅವರಿಗೆ ನಿಜ ತಿಳಿದದ್ದು. ಅಲ್ಲಿ ಯಂತ್ರ ತಪ್ಪಲಿಲ್ಲ, ಸೂಜಿಯೂ ತಪ್ಪಲಿಲ್ಲ. ತಪ್ಪಿದ್ದು ಒಂದು ಚೀಟಿ.

ತೋಳು, ಪಟ್ಟಿ, ನಾಳ

ಇನ್ನು ತೆಗೆಯುವ ಕ್ರಮ. ಜಾಗತಿಕ ಆರೋಗ್ಯ ಸಂಸ್ಥೆ ೨೦೧೦ರಲ್ಲಿ ಇದಕ್ಕೆಂದೇ ಮಾರ್ಗದರ್ಶಿಯೊಂದನ್ನು ಪ್ರಕಟಿಸಿದೆ. ಅದರ ಸಾರ ನಮ್ಮ ಮಾತಿನಲ್ಲಿ ಹೀಗೆ.

ರಕ್ತ ಕೊಡುವವರನ್ನು ಕುರ್ಚಿಯಲ್ಲಿ ತೋಳಿಗೆ ಆಧಾರ ಕೊಟ್ಟು ಕೂರಿಸಬೇಕು. ಹಿಂದೆ ತಲೆ ತಿರುಗಿ ಬಿದ್ದವರನ್ನು ಮಲಗಿಸಿಯೇ ತೆಗೆಯಬೇಕು. ನಿಲ್ಲಿಸಿ ತೆಗೆಯುವುದು ಯಾರಿಗೂ ಸಲ್ಲದು. ಉಪವಾಸವಿದ್ದೀರಾ, ರಕ್ತ ತೆಳುವಾಗಿಸುವ ಮಾತ್ರೆ ಉಂಟೇ ಎಂದು ಕೇಳಿಕೊಳ್ಳಬೇಕು. ಆಮೇಲೆ ಸಾಬೂನಿನಿಂದ ಕೈ ತೊಳೆದು ಹೊಸ ಕೈಗವಸು ಹಾಕಬೇಕು. ಒಬ್ಬರಿಗೆ ಒಂದು ಜೊತೆ. ಒಂದೇ ಕೈಗವಸಿನಲ್ಲಿ ಹತ್ತು ಜನರ ತೋಳು ಮುಟ್ಟುವವನು ತನ್ನ ಕೈಯನ್ನು ಕಾಪಾಡಿಕೊಂಡಾನು, ಹತ್ತು ಜನರನ್ನು ಕಾಪಾಡಲಾರ.

ಚುಚ್ಚುವ ಸ್ಥಳಕ್ಕಿಂತ ನಾಲ್ಕೈದು ಬೆರಳಗಲ ಮೇಲೆ ರಬ್ಬರು ಪಟ್ಟಿ ಕಟ್ಟುತ್ತಾರೆ. ನಾಳ ಉಬ್ಬಿ ಬೆರಳಿಗೆ ಸಿಗಲೆಂದು ಈ ಉಪಾಯ. ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು. ಹೆಚ್ಚು ಹೊತ್ತು ಬಿಗಿದರೆ ಅಲ್ಲಿ ನಿಂತ ರಕ್ತದ ನೀರಂಶ ನಾಳದಿಂದ ಹೊರಗೆ ಸರಿದು ರಕ್ತ ಗಟ್ಟಿಯಾಗುತ್ತದೆ. ಒಲೆಯ ಮೇಲೆ ಮರೆತ ಸಾರಿನಲ್ಲಿ ಉಪ್ಪು ಏರುವ ಹಾಗೆ ಪರೀಕ್ಷೆಯ ಅಂಕೆಗಳು ಏರುತ್ತವೆ. ಮುಷ್ಟಿ ಬಿಗಿ, ಬಿಡು, ಬಿಗಿ, ಬಿಡು ಎಂದು ಹೇಳುವ ರೂಢಿಯೂ ಒಳ್ಳೆಯದಲ್ಲ. ಹಾಗೆ ಮಾಡಿದರೆ ಪೊಟ್ಯಾಸಿಯಂ ಎಂಬ ಲವಣ ಇಲ್ಲದ್ದು ಇದ್ದ ಹಾಗೆ ಹೆಚ್ಚು ತೋರುತ್ತದೆ. ಸುಮ್ಮನೆ ಮುಷ್ಟಿ ಹಿಡಿದರೆ ಸಾಕು.

ನಮ್ಮ ಜನ "ನರ ಸಿಗಲಿಲ್ಲ" ಎನ್ನುತ್ತಾರೆ. ಬಳಕೆಯ ಮಾತಿಗೆ ಅಡ್ಡಿಯಿಲ್ಲ, ಆದರೆ ಕಲಿಯುವವರು ಮೂರನ್ನು ಬೇರೆ ಬೇರೆಯಾಗಿ ತಿಳಿದಿರಬೇಕು. ರಕ್ತವನ್ನು ಹೃದಯದ ಕಡೆಗೆ ಮರಳಿ ಒಯ್ಯುವುದು ಅಭಿಧಮನಿ. ಪರೀಕ್ಷೆಗೆ ರಕ್ತ ತೆಗೆಯುವುದು ಸಾಮಾನ್ಯವಾಗಿ ಇದರಿಂದಲೇ. ಹೃದಯದಿಂದ ರಕ್ತ ತರುವುದು ಅಪಧಮನಿ, ಬೆರಳಿಟ್ಟರೆ ಇದು ಮಿಡಿಯುತ್ತದೆ. ನೋವು, ಸ್ಪರ್ಶದ ಸುದ್ದಿ ಒಯ್ಯುವುದು ನಿಜವಾದ ನರ. ಮೊಣಕೈಯ ಮಡಿಕೆಯ ನಡುವೆ ಕಾಣುವ ಅಭಿಧಮನಿ ಚುಚ್ಚಲು ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದಿದ್ದರೆ ಹೆಬ್ಬೆರಳಿನ ಬದಿಯದು. ಕಿರುಬೆರಳಿನ ಬದಿಯದು ಕೊನೆಗೆ, ಏಕೆಂದರೆ ಅದರ ಹತ್ತಿರವೇ ಅಪಧಮನಿಯೂ ನರವೂ ಹಾದುಹೋಗುತ್ತವೆ. ಚುಚ್ಚಿದಾಗ ಬೆರಳ ತುದಿಯವರೆಗೆ ಮಿಂಚು ಹೊಡೆದಂತಾದರೆ ಕೂಡಲೇ ಪಟ್ಟಿ ಬಿಚ್ಚಿ ಸೂಜಿ ತೆಗೆಯಬೇಕು. ಸಲಾಯಿನ್ ಹೋಗುತ್ತಿರುವ ಕೈಯಿಂದ, ಡಯಾಲಿಸಿಸಿಗೆಂದು ನಾಳ ಜೋಡಿಸಿದ ಕೈಯಿಂದ ತೆಗೆಯಬಾರದು.

ಸ್ಥಳವನ್ನು ನೂರಕ್ಕೆ ಎಪ್ಪತ್ತು ಪಾಲಿನ ಸ್ಪಿರಿಟಿನಿಂದ ಒರೆಸಿ, ಅರ್ಧ ನಿಮಿಷ ತಾನಾಗಿ ಒಣಗಲು ಬಿಡಬೇಕು. ಊದಿ ಒಣಗಿಸುವುದು, ಒರೆಸಿದ ಮೇಲೆ ನಾಳ ಎಲ್ಲಿ ಎಂದು ಮತ್ತೆ ಬೆರಳಿಡುವುದು, ಇವೆರಡೂ ಮಾಡಿದ ಕೆಲಸವನ್ನು ಕೆಡಿಸಿದಂತೆ. ಸೂಜಿಯ ಓರೆಬಾಯಿ ಮೇಲಕ್ಕಿರಬೇಕು, ಓರೆ ಮೂವತ್ತು ಡಿಗ್ರಿಗಿಂತ ಹೆಚ್ಚಿರಬಾರದು. ರಕ್ತ ಹರಿಯತೊಡಗಿದೊಡನೆ ಪಟ್ಟಿ ಸಡಿಲಿಸಬೇಕು, ಸೂಜಿ ತೆಗೆಯುವ ಮೊದಲಂತೂ ಬಿಚ್ಚಿರಲೇಬೇಕು. ಸೂಜಿ ತೆಗೆದ ಮೇಲೆ ಹತ್ತಿಯಿಂದ ಒತ್ತಿ ತೋಳನ್ನು ನೀಟವಾಗಿ ಚಾಚಿಡಬೇಕು. ಮೊಣಕೈ ಮಡಚಿ ಕೂರುವುದು ನಮ್ಮೆಲ್ಲರ ಅಭ್ಯಾಸ. ಆ ಮಡಚುವಿಕೆಯಿಂದಲೇ ಅನೇಕರಿಗೆ ಚರ್ಮದಡಿಯಲ್ಲಿ ರಕ್ತ ಸೋರಿ ನೀಲಿಗಟ್ಟುವುದು.

ಎರಡು ಸಲ ಚುಚ್ಚಿಯೂ ಸಿಗದಿದ್ದರೆ ಇನ್ನೊಬ್ಬರನ್ನು ಕರೆಯುವುದು ಒಳ್ಳೆಯ ರೂಢಿ. ಹಾಗೆ ಕರೆಯುವುದು ಸೋಲಲ್ಲ. ಸೂಜಿಯನ್ನು ಒಳಗೇ ಅತ್ತಿತ್ತ ತಿರುಗಿಸಿ ಹುಡುಕುವುದು ಮಾತ್ರ ಹಟ.

ಮುಚ್ಚಳದ ಬಣ್ಣ ಅಲಂಕಾರಕ್ಕಲ್ಲ

ಟ್ಯೂಬುಗಳ ಮುಚ್ಚಳ ಬೇರೆ ಬೇರೆ ಬಣ್ಣದ್ದಿರುವುದನ್ನು ಎಲ್ಲರೂ ಕಂಡಿದ್ದೇವೆ. ಮಸಾಲೆ ಡಬ್ಬಿಯ ಒಂದೊಂದು ಬಟ್ಟಲಲ್ಲಿ ಒಂದೊಂದು ಸಾಮಾನು ಇರುವ ಹಾಗೆ ಪ್ರತಿ ಟ್ಯೂಬಿನ ತಳದಲ್ಲಿ ಒಂದೊಂದು ಔಷಧ ಇರುತ್ತದೆ. ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇ.ಡಿ.ಟಿ.ಎ. ಇರುತ್ತದೆ. ರಕ್ತಕಣ ಎಣಿಸಲು, ಹಿಮೋಗ್ಲೋಬಿನ್ ನೋಡಲು ಇದು ಬೇಕು. ಬೂದು ಮುಚ್ಚಳದ್ದು ಸಕ್ಕರೆ ಪರೀಕ್ಷೆಗೆ. ಕೆಂಪು ಅಥವಾ ಹಳದಿ ಮುಚ್ಚಳದ್ದರಲ್ಲಿ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ಮೇಲಿನ ತಿಳಿಯನ್ನು, ಅಂದರೆ ಸೀರಂ ಅನ್ನು, ಪರೀಕ್ಷಿಸುತ್ತಾರೆ. ಪಿತ್ತಕೋಶ, ಮೂತ್ರಪಿಂಡ, ಕೊಬ್ಬಿನ ಪರೀಕ್ಷೆಗಳೆಲ್ಲ ಇದರಲ್ಲಿ. ತಿಳಿನೀಲಿಯದು ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆಂದು ನೋಡಲು. ಹಸಿರಿನದರಲ್ಲಿ ಹೆಪಾರಿನ್ ಇರುತ್ತದೆ.

ಇವನ್ನು ತುಂಬುವುದಕ್ಕೂ ವರಸೆಯುಂಟು. ರೋಗಾಣು ಬೆಳೆಸಿ ನೋಡುವ ಕಲ್ಚರ್ ಬಾಟಲಿ ಇದ್ದರೆ ಅದು ಮೊದಲು. ಆಮೇಲೆ ತಿಳಿನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ವರಸೆ ತಪ್ಪಿ ನೇರಳೆಯ ಔಷಧದ ಒಂದು ಚೂರು ಕೆಂಪಿಗೆ ಸೇರಿದರೂ ಪೊಟ್ಯಾಸಿಯಂ ಏರಿದಂತೆ, ಕ್ಯಾಲ್ಸಿಯಂ ಇಳಿದಂತೆ ರಿಪೋರ್ಟು ಬರುತ್ತದೆ. ಒಂದರಲ್ಲಿ ರಕ್ತ ಕಡಿಮೆಯಾಯಿತೆಂದು ಇನ್ನೊಂದರಿಂದ ಸುರಿಯುವುದಂತೂ ದೊಡ್ಡ ಅಪರಾಧ. ತಿಳಿನೀಲಿಯಲ್ಲಿ ಔಷಧ ಒಂದು ಪಾಲಿಗೆ ರಕ್ತ ಒಂಬತ್ತು ಪಾಲು, ಗೆರೆಯವರೆಗೆ ಇರಲೇಬೇಕು. ಹೃದಯದ ಕವಾಟ ಬದಲಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಈ ಪರೀಕ್ಷೆಯ ಮೇಲೆಯೇ ಮಾತ್ರೆಯ ಪ್ರಮಾಣ ನಿಲ್ಲುತ್ತದೆ. ಟ್ಯೂಬು ಅರ್ಧ ತುಂಬಿದರೆ ಮಾತ್ರೆಯೂ ತಪ್ಪುತ್ತದೆ.

ಔಷಧವಿರುವ ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು, ನೇರಳೆಯದನ್ನು ಎಂಟು ಹತ್ತು ಸಲ. ಮಜ್ಜಿಗೆ ಕಡೆದ ಹಾಗೆ ಕುಲುಕಬಾರದು. ಸಿರಿಂಜಿನಿಂದ ರಭಸವಾಗಿ ತುಂಬಲೂ ಬಾರದು. ಕೆಂಪು ಕಣಗಳು ಒಡೆದು ತಿಳಿಯೆಲ್ಲ ಕೆಂಪಾಗುತ್ತದೆ, ಆ ಮಾದರಿ ಎಷ್ಟೋ ಪರೀಕ್ಷೆಗಳಿಗೆ ನಿರುಪಯೋಗಿ.

"ಇಷ್ಟು ಟ್ಯೂಬು ತೆಗೆದರೆ ನಮ್ಮಲ್ಲಿ ಉಳಿಯುವುದೇನು?" ಎಂದು ಹೆದರುವವರಿಗೆ ಒಂದು ಮಾತು. ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಒಂದೊಂದು ಟ್ಯೂಬಿಗೆ ಹೋಗುವುದು ಎರಡರಿಂದ ಐದು ಮಿಲಿಲೀಟರ್, ಎಂದರೆ ಹೆಚ್ಚೆಂದರೆ ಒಂದು ಚಹಾ ಚಮಚ.

ನಮ್ಮವರಿಗೆ ಆಗುವ ಪರೀಕ್ಷೆಗಳು

ಬರಿಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕಡಿಮೆಯೆಂದರೆ ಎಂಟು ಗಂಟೆ ಏನೂ ತಿಂದಿರಬಾರದು. ನೀರು ಕುಡಿಯಬಹುದು. ನಸುಕಿನಲ್ಲಿ ಭಟ್ಟಿ ಹಚ್ಚಿದೊಡನೆ ಒಂದು ಕಟಿಂಗ್ ಚಹಾ ಕುಡಿದು ಬಂದವನದು ಬರಿಹೊಟ್ಟೆಯಲ್ಲ. ತೆಗೆಯುವವನು ಕೇಳಬೇಕು, ಕೊಡುವವನು ನಿಜ ಹೇಳಬೇಕು. ಬರಿಹೊಟ್ಟೆಯ ಅಂಕೆ ೧೨೬ ಅಥವಾ ಹೆಚ್ಚಿದ್ದು, ಇನ್ನೊಮ್ಮೆ ನೋಡಿದಾಗಲೂ ಹಾಗೆಯೇ ಬಂದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಬೂದು ಟ್ಯೂಬು ಇಲ್ಲದೆ ಬೇರೆಯದರಲ್ಲಿ ಗಂಟೆಗಟ್ಟಲೆ ಇಟ್ಟರೆ ರಕ್ತಕಣಗಳೇ ಸಕ್ಕರೆಯನ್ನು ತಿಂದುಹಾಕುತ್ತವೆ. ಕಾಯಿಲೆ ಇದ್ದವನಿಗೂ ಇಲ್ಲವೆಂದು ಬಂದೀತು. ಎಚ್.ಬಿ.ಎ.ಒನ್.ಸಿ. ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. ಅದಕ್ಕೆ ಉಪವಾಸ ಬೇಡ, ಟ್ಯೂಬು ನೇರಳೆಯದು. ೬.೫ ಅಥವಾ ಹೆಚ್ಚಾದರೆ ಕಾಯಿಲೆಯ ಸೂಚನೆ.

ಹಿಮೋಗ್ಲೋಬಿನ್ ಗಂಡಸರಿಗೆ ೧೩, ಗರ್ಭಿಣಿಯರಲ್ಲದ ಹೆಂಗಸರಿಗೆ ೧೨ ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಬೆರಳು ಚುಚ್ಚಿ ನೋಡುವುದಾದರೆ ಮೊದಲ ಹನಿಯನ್ನು ಒರೆಸಿ ಬಿಡಬೇಕು. ಬೆರಳನ್ನು ಹಿಂಡಿದರೆ ಮೈಯ ನೀರು ಬೆರೆತು ಅಂಕೆ ಕೆಡುತ್ತದೆ.

ಮಳೆಗಾಲದ ಮುಂಬಯಿಯಲ್ಲಿ ಜ್ವರ ಬಂದರೆ ಮಲೇರಿಯಾ ಪರೀಕ್ಷೆ ಮೊದಲು ನೆನಪಾಗಬೇಕು. ಗಾಜಿನ ತುಂಡಿನ ಮೇಲೆ ರಕ್ತದ ಹನಿಯನ್ನು ಒಂದು ಕಡೆ ದಪ್ಪವಾಗಿ, ಒಂದು ಕಡೆ ತೆಳುವಾಗಿ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದಪ್ಪದರಲ್ಲಿ ರೋಗಾಣು ಇದೆಯೇ ಎಂಬುದು ಸಿಗುತ್ತದೆ, ತೆಳುವಿನಲ್ಲಿ ಅದು ಯಾವ ಜಾತಿಯದು ಎಂಬುದು ತಿಳಿಯುತ್ತದೆ. ೧೮೯೭ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಅಣುವನ್ನು ಕಂಡುಹಿಡಿದದ್ದೂ ಇಂಥ ಸೂಕ್ಷ್ಮದರ್ಶಕದ ಮುಂದೆ ತಾಳ್ಮೆಯಿಂದ ಕುಳಿತೇ. ಡೆಂಗಿಯ ಪರೀಕ್ಷೆಯಲ್ಲಿ ದಿನ ಎಣಿಸಬೇಕು. ಮೊದಲ ನಾಲ್ಕೈದು ದಿನಕ್ಕೆ ಎನ್.ಎಸ್.ಒನ್ ಎಂಬುದು, ಆಮೇಲೆ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳದು. ಆದ್ದರಿಂದ ಜ್ವರ ಎಂದಿನಿಂದ ಎಂಬುದನ್ನು ಕಾಗದದಲ್ಲಿ ಬರೆಯದೆ ಬಿಡಬಾರದು.

ಟೈಫಾಯಿಡ್ ನಮ್ಮ ಕಸುಬಿಗೇ ಅಂಟಿದ ಭಯ. ಅದು ಇದ್ದವನ ಕೈಯಿಂದ ಗಿರಾಕಿಯ ತಟ್ಟೆಗೆ ಹೋದೀತು. ೧೮೯೬ರಿಂದ ಬಳಕೆಯಲ್ಲಿರುವ ವಿಡಾಲ್ ಪರೀಕ್ಷೆಯನ್ನು ಈಗಲೂ ಊರೂರಿನಲ್ಲಿ ಮಾಡುತ್ತಾರೆ. ಜ್ವರದ ಮೊದಲ ವಾರದಲ್ಲಿ ಅದು ಏನೂ ತೋರದೆ ಇರಬಹುದು. ಹಿಂದೆಂದೋ ಬಂದುಹೋದ ಜ್ವರವನ್ನೇ ಇಂದಿನದೆಂದು ತೋರಲೂಬಹುದು. ಒಂದು ವಿಡಾಲ್ ಕಾಗದ ಹಿಡಿದು ಹುಡುಗನನ್ನು ಕೆಲಸದಿಂದ ಬಿಡಿಸುವುದು ನ್ಯಾಯವಲ್ಲ. ಔಷಧ ಶುರುಮಾಡುವ ಮೊದಲೇ ರಕ್ತದ ಕಲ್ಚರ್ ಮಾಡಿಸುವುದು ಅದಕ್ಕಿಂತ ನಂಬಿಕೆಯ ದಾರಿ. ಆ ಕಲ್ಚರಿನಲ್ಲಿ ಚರ್ಮದ ಮೇಲಿನ ರೋಗಾಣು ಸೇರಿತೆಂದರೆ ಫಲ ಕೆಟ್ಟಿತು. ಸ್ಪಿರಿಟು ಒಣಗುವ ಅರ್ಧ ನಿಮಿಷ ಕಾಯುವುದು ಎಷ್ಟು ಮುಖ್ಯವೆಂಬುದು ಇಲ್ಲಿ ತಿಳಿಯುತ್ತದೆ.

ಮುಂಬಯಿಯ ಹೆಸರು ಹೊತ್ತ ರಕ್ತ

ರಕ್ತದ ಗುಂಪಿನ ಪರೀಕ್ಷೆಯನ್ನು ಬೇರೆಯಾಗಿಯೇ ಹೇಳಬೇಕು. ಮನುಷ್ಯರ ರಕ್ತವೆಲ್ಲ ಒಂದೇ ಬಗೆಯದಲ್ಲವೆಂದು ೧೯೦೧ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿಕೊಟ್ಟರು. ೧೯೩೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಎ, ಬಿ, ಎಬಿ, ಓ ಎಂಬ ಗುಂಪುಗಳು ಈಗ ಶಾಲೆಯ ಮಕ್ಕಳಿಗೂ ಗೊತ್ತು. ತಪ್ಪು ಗುಂಪಿನ ರಕ್ತ ಏರಿಸಿದರೆ ಜೀವಕ್ಕೇ ಅಪಾಯ.

ನಮ್ಮ ಈ ಮುಂಬಯಿಯಲ್ಲಿಯೇ ಡಾಕ್ಟರ್ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಇನ್ನೊಂದು ಬಗೆಯನ್ನು ಕಂಡುಹಿಡಿದು ೧೯೫೨ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಜಗತ್ತೆಲ್ಲ ಅದನ್ನು ಬಾಂಬೆ ಗುಂಪು ಎಂದೇ ಕರೆಯುತ್ತದೆ. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇದು ಇರುತ್ತದೆನ್ನುತ್ತಾರೆ. ಅವಸರದ ಪರೀಕ್ಷೆಯಲ್ಲಿ ಇದು ಓ ಗುಂಪಿನಂತೆಯೇ ಕಾಣುತ್ತದೆ. ಆದರೆ ಇಂಥವರಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೆ ಕುತ್ತು, ಬಾಂಬೆ ಗುಂಪಿನವರ ರಕ್ತವೇ ಆಗಬೇಕು. ರಕ್ತಕಣವನ್ನು ನೋಡಿದ ಮೇಲೆ ತಿಳಿಯನ್ನೂ ತಿರುಗಿಸಿ ಪರೀಕ್ಷಿಸಿದರೆ, ಕೊಡುವವನ ಮತ್ತು ಪಡೆಯುವವನ ರಕ್ತವನ್ನು ಬೆರೆಸಿ ಹೊಂದಿಕೆ ನೋಡಿದರೆ, ಗುಟ್ಟು ಬಯಲಾಗುತ್ತದೆ. ಇಷ್ಟೆಲ್ಲ ಎಚ್ಚರಿಕೆಯೂ ಒಂದು ಟ್ಯೂಬಿನ ಮೇಲೆ ಬೇರೆಯವರ ಹೆಸರು ಅಂಟಿದರೆ ನೀರಿನಲ್ಲಿ ಹೋಮ ಮಾಡಿದಂತೆ. ಅರ್ಹತೆ ಚಿಕ್ಕದು, ಸಂಬಳ ಚಿಕ್ಕದು, ಆದರೆ ಹೊಣೆ ದೊಡ್ಡದು ಎಂದು ನಾವು ಹೇಳುವುದು ಇದಕ್ಕೇ.

ಸೂಜಿ ಹಿಡಿದವನೂ ಕಾರ್ಮಿಕನೇ

ರೋಗಿಯ ಮಾತಾಯಿತು. ರಕ್ತ ತೆಗೆಯುವವನನ್ನು ಕಾಯುವವರು ಯಾರು? ರೋಗಿಯ ರಕ್ತದಲ್ಲಿ ರೋಗವಿದ್ದು ಬಳಸಿದ ಸೂಜಿ ಕೈಗೆ ಚುಚ್ಚಿದರೆ ಎಚ್.ಐ.ವಿ. ತಗಲುವ ಸಂಭವ ಸಾವಿರಕ್ಕೆ ಮೂರು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವನಿಗೆ ಆ ಕಾಮಾಲೆ ತಗಲುವ ಸಂಭವ ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಲಸಿಕೆಯಿದೆ, ಮೂರು ಸಲ ಹಾಕಿಸಿಕೊಳ್ಳಬೇಕು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸೂಜಿ ಹಿಡಿಯುವ ಮೊದಲೇ ಇದು ಶುರುವಾಗಬೇಕು. ಇದರ ಖರ್ಚು ಕೆಲಸ ಕೊಡುವವರದ್ದಾಗಬೇಕೆಂದು ನಾವು ಕೇಳುತ್ತೇವೆ.

ಬಳಸಿದ ಸೂಜಿಗೆ ಮತ್ತೆ ಟೊಪ್ಪಿ ಹಾಕಲೇಬಾರದು, ಅನೇಕರಿಗೆ ಚುಚ್ಚುವುದು ಆಗಲೇ. ೨೦೧೬ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ರಕ್ತ ಹೀರಿದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಮತ್ತು ಸೂಜಿ ಬಿಡಿಸಿದ ಸಿರಿಂಜು ಕೆಂಪು ಚೀಲಕ್ಕೆ. ಚೀಲದೊಳಗೆ ಎಸೆದ ಒಂದು ಸೂಜಿ ಆ ಚೀಲ ಎತ್ತುವ ಸಫಾಯಿ ಕೆಲಸಗಾರನ ಕೈಗೆ ಚುಚ್ಚುತ್ತದೆ. ಅವನೂ ನಮ್ಮ ಅಣ್ಣತಮ್ಮನಲ್ಲವೆ?

ಅಕಸ್ಮಾತ್ ಚುಚ್ಚಿಕೊಂಡರೆ ಬೆರಳನ್ನು ಬಾಯಿಗೆ ಹಾಕಬಾರದು, ಹಿಂಡಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದು ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಔಷಧ ಬೇಕಾದರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ೭೨ ಗಂಟೆ ಮೀರಿದರೆ ಉಪಯೋಗವಿಲ್ಲ. ಅದನ್ನು ೨೮ ದಿನ ತಪ್ಪದೆ ತಿನ್ನಬೇಕು. ಕೆಲಸ ಹೋದೀತೆಂದು ಮುಚ್ಚಿಟ್ಟವನು ಆ ಹೊತ್ತನ್ನು ಕಳೆದುಕೊಳ್ಳುತ್ತಾನೆ. ಹೇಳಿದವನ ಕೆಲಸ ಹೋಗದು ಎಂಬ ಧೈರ್ಯವನ್ನು ಮಾಲೀಕರು ಮೊದಲೇ ಕೊಡತಕ್ಕದ್ದು.

ಎಲ್ಲಿ, ಹೇಗೆ ಕಲಿಯಬೇಕು

ಬಣ್ಣದ ಕಾಗದ ನೋಡಿ ಹಣ ಕಟ್ಟಬೇಡಿ. ಆರೋಗ್ಯ ಕ್ಷೇತ್ರದ ಕೌಶಲ್ಯ ಮಂಡಳಿ ಫ್ಲೆಬಾಟಮಿಸ್ಟ್ ಕೆಲಸಕ್ಕೆ ಇಂತಿಷ್ಟು ಕಲಿಯಬೇಕೆಂದು ಗೊತ್ತುಪಡಿಸಿದೆ. ರಕ್ತ ತೆಗೆಯುವುದರ ಜೊತೆಗೆ ಪರೀಕ್ಷಿಸುವುದನ್ನೂ ಕಲಿಯಬೇಕೆಂದಿದ್ದರೆ ಡಿ.ಎಂ.ಎಲ್.ಟಿ. ಎಂಬ ಡಿಪ್ಲೊಮಾ ಉಂಟು. ಇಂಥ ಸಹಾಯಕ ಆರೋಗ್ಯ ವೃತ್ತಿಗಳಿಗೆ ಒಂದು ಕಟ್ಟುಪಾಡು ತರಲು ಪಾರ್ಲಿಮೆಂಟು ೨೦೨೧ರಲ್ಲಿ ಕಾಯಿದೆಯನ್ನೇ ಮಾಡಿದೆ. ಸಂಸ್ಥೆಯ ಬಾಗಿಲಿಗೆ ಹೋದಾಗ ಐದು ಪ್ರಶ್ನೆ ಕೇಳಿ. ಸರ್ಟಿಫಿಕೇಟಿಗೆ ಮಾನ್ಯತೆ ಕೊಟ್ಟವರು ಯಾರು? ಮೊದಲು ರಬ್ಬರಿನ ತೋಳಿನ ಮೇಲೆ ಅಭ್ಯಾಸ ಮಾಡಿಸುತ್ತೀರಾ? ಯಾವ ಆಸ್ಪತ್ರೆಯಲ್ಲಿ, ಎಷ್ಟು ವಾರ ಕೆಲಸ ಮಾಡಿಸುತ್ತೀರಿ? ಪಕ್ಕದಲ್ಲಿ ನಿಂತು ನೋಡುವವರು ಯಾರು? ಹೆಪಟೈಟಿಸ್ ಲಸಿಕೆಯ ಏರ್ಪಾಡು ಏನು? ಉತ್ತರ ಹಾರಿಕೆಯದಾದರೆ ಬಂದ ದಾರಿಯಲ್ಲೇ ಹಿಂದಿರುಗಿ.

ನಮ್ಮ ಹುಡುಗ ಹುಡುಗಿಯರಿಗೆ ಇನ್ನೊಂದು ಬಂಡವಾಳವಿದೆ, ಅದು ಅವರ ಮಾತೃಭಾಷೆ. ಕಟ್ಟಡದ ಕೆಲಸಕ್ಕೆಂದು ಕಲಬುರ್ಗಿ, ವಿಜಯಪುರದ ಕಡೆಯಿಂದ ಬಂದವರು ಮರಾಠಿ ಹಿಂದಿ ತಿಳಿಯದೆ ಆಸ್ಪತ್ರೆಯ ಬೆಂಚಿನ ಮೇಲೆ ಮೂಕರಂತೆ ಕುಳಿತಿರುತ್ತಾರೆ. "ಯವ್ವಾ, ಮುಂಜಾನೆ ಏನರ ತಿಂದಿಯೇನು?" ಎಂದು ಅವರ ಮಾತಿನಲ್ಲೇ ಕೇಳುವ ಒಂದು ದನಿ ಅಲ್ಲಿದ್ದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ, ರಿಪೋರ್ಟೂ ಸರಿಯಾಗುತ್ತದೆ.

ಹೋಟೆಲ್ ಮಾಲೀಕರಿಗೆ ನಮ್ಮ ವಿನಂತಿ ಇಷ್ಟು. ವರ್ಷದ ತಪಾಸಣೆಯನ್ನು ಠಸ್ಸೆಯ ಕೆಲಸ ಮಾಡಬೇಡಿ. ಕಲಿತವರನ್ನು ಕರೆಸಿ, ಕುರ್ಚಿ ಹಾಕಿಸಿ, ರಿಪೋರ್ಟನ್ನು ಕೆಲಸಗಾರನ ಕೈಗೇ ಕೊಡಿಸಿ.

ಸದಸ್ಯ ಬಂಧುಗಳಿಗೂ ಒಂದು ಮಾತು. ತೋಳು ನಮ್ಮದು, ಕೇಳುವ ಹಕ್ಕೂ ನಮ್ಮದು. ಸೂಜಿ ಹೊಸದೇ ಎಂದು ಕೇಳಿ, ಕಟ್ಟು ಒಡೆಯುವುದನ್ನು ಕಣ್ಣಾರೆ ನೋಡಿ. ಕೈಗವಸು ಬದಲಿಸದಿದ್ದರೆ ಬದಲಿಸಿ ಎನ್ನಿ. ಕೇಳಿದ್ದಕ್ಕೆ ಸಿಟ್ಟಾಗುವವನು ಕಲಿತವನಲ್ಲ. ಕಲಿತವನು ಕೇಳುವ ಮೊದಲೇ ತೋರಿಸುತ್ತಾನೆ. ಟ್ಯೂಬಿನ ಮೇಲೆ ನಿಮ್ಮ ಹೆಸರು ಅಂಟಿದ್ದನ್ನು ನೋಡಿದ ಮೇಲೆಯೇ ಕುರ್ಚಿ ಬಿಟ್ಟು ಏಳಿ.